ಮೀಡಿಯಂ ಲೆವೆಲ್ ಕ್ಲಾಸಿಕಲ್ ಗಿಟಾರ್ ಪೀಸ್ ಪೂರ್ತಿ ಕಲಿಯೋದು ಹೇಗೆ: ಅರ್ಧಕ್ಕೇ ನಿಂತೋರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಲೈನ್ ಸೂಪರ್ ಆಗಿ ಬರುತ್ತೆ, ಎರಡನೇ ಲೈನ್ ಪರ್ವಾಗಿಲ್ಲ, ಮೂರನೇ ಲೈನಲ್ಲಿ ಒಂದು ಜಾಗಕ್ಕೆ ಬಂದ ತಕ್ಷಣ ಕೈ ನಿಂತುಬಿಡುತ್ತೆ, ಆಮೇಲೆ ಏನ್ ಮಾಡ್ತೀರ? ಮತ್ತೆ ಮೊದಲಿಂದ ಶುರು ಮಾಡ್ತೀರ. ಹೀಗೆ ತಿಂಗಳಾದ್ರೂ ಮೊದಲ ಲೈನ್ ಮಾತ್ರ ಚೆನ್ನಾಗಿ ಆಗ್ತಾ ಹೋಗುತ್ತೆ, ಯಾಕಂದ್ರೆ ಪ್ರಾಕ್ಟೀಸ್ ಆಗ್ತಿರೋದು ಅದೊಂದೇ. ಕ್ಲಾಸಿಕಲ್ ಗಿಟಾರ್ ಕಲಿಯೋರು ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಟ್ಯಾಲೆಂಟ್ ಕಮ್ಮಿ ಅಂತ ಅಲ್ಲ, ಕೆಲಸದ ಆರ್ಡರ್ ತಪ್ಪು ಅಷ್ಟೇ. ಕೆಳಗಿರೋದು ಆ ಆರ್ಡರ್. ಹಂತ ಹಾರಿಸಬೇಡಿ, ಅದರಲ್ಲೂ 3 ಮತ್ತು 4ನೇದನ್ನ.

ಹಂತ 1: ಪೀಸ್ ಆರಿಸೋದು

ಇಷ್ಟ ಆಯ್ತು ಅಂತ ಮಾತ್ರ ಆರಿಸಬೇಡಿ. ಪೀಸ್‌ನ ಒಂದು ಸಲ ತುಂಬಾ ನಿಧಾನಕ್ಕೆ, ನಿಂತು ನಿಂತು ಆದ್ರೂ ಪೂರ್ತಿ ಓದಿ ನುಡಿಸಿ ನೋಡಿ. ಎಲ್ಲೋ ನಾಲ್ಕೈದು ಕಡೆ ಮಾತ್ರ "ಅಯ್ಯೋ ಇದು ಹೇಗಪ್ಪಾ" ಅನ್ನಿಸಿದ್ರೆ ಅದು ನಿಮ್ಮ ಲೆವೆಲ್ಲಿನದ್ದು. ಪ್ರತಿ ಮೆಷರಲ್ಲೂ (ನೋಟೇಶನ್ನಲ್ಲಿ ಎರಡು ನಿಂತ ಗೆರೆಗಳ ಮಧ್ಯೆ ಇರೋ ತುಂಡು) ಹಾಗೇ ಅನ್ನಿಸಿದ್ರೆ ಪಕ್ಕಕ್ಕಿಡಿ, ಆರು ತಿಂಗಳು ಬಿಟ್ಟು ನೋಡೋಣ.

ಈ ಲೆವೆಲ್ಲಲ್ಲಿ ಜನ ಸಾಮಾನ್ಯವಾಗಿ ತಗೊಳ್ಳೋದು ಮೂರು ಕಂಪೋಸರ್‌ಗಳ ಪೀಸು: ಟಾರೆಗಾನ ಲಾಗ್ರಿಮಾ, ಸೋರ್‌ನ ಓಪಸ್ 35 ನಂಬರ್ 22, ಬಾಖ್‌ನ ಇ ಮೈನರ್ ಬೂರೇ. ಮೂರೂ ಕೇಳೋಕೆ ಸುಲಭ ಅನ್ನಿಸುತ್ತೆ, ಮೂರರ ಕಷ್ಟವೂ ಬೇರೆ ಬೇರೆ. ಲಾಗ್ರಿಮಾ 16 ಮೆಷರ್ ಅಷ್ಟೇ, ಆದ್ರೆ ಫ್ರೆಟ್‌ಬೋರ್ಡ್ ಮೇಲೆ ಓಡಾಟ ಜಾಸ್ತಿ. ಸೋರ್‌ದು ಬಿ ಮೈನರ್, ಎರಡನೇ ಫ್ರೆಟ್ಟಲ್ಲಿ ಬ್ಯಾರೇ (ತೋರುಬೆರಳನ್ನ ಅಡ್ಡ ಮಲಗಿಸಿ ಹಲವು ಸ್ಟ್ರಿಂಗ್ ಒಟ್ಟಿಗೆ ಒತ್ತೋದು) ಹಿಡಿದು ಹಿಡಿದು ಕೈ ಸೋಲುತ್ತೆ. ಬೂರೇಯಲ್ಲಿ ಮೇಲೊಂದು ಧ್ವನಿ ಕೆಳಗೊಂದು ಧ್ವನಿ ಎರಡೂ ತಮ್ಮ ಪಾಡಿಗೆ ತಾವು ನಡೀತಿರ್ತವೆ, ಅಲ್ಲಿ ತಲೆ ಸೋಲುತ್ತೆ. ನಿಮಗೆ ಯಾವುದು ವೀಕು ಅಂತ ನಿಮಗೇ ಗೊತ್ತಿರುತ್ತೆ, ಮೊದಲ ಪೀಸಿಗೆ ಆ ವೀಕ್ನೆಸ್ಸನ್ನೇ ಎದುರು ಹಾಕ್ಕೋಬೇಡಿ.

ಹಂತ 2: ಬೇಕಾಗೋ ಸಾಮಾನು

ನೈಲಾನ್ ಸ್ಟ್ರಿಂಗ್ ಗಿಟಾರ್, ಎಡಗಾಲಿಗೆ ಫುಟ್‌ಸ್ಟೂಲ್ ಅಥವಾ ತೊಡೆ ಮೇಲೆ ಕೂರೋ ಸಪೋರ್ಟ್, ಮ್ಯೂಸಿಕ್ ಸ್ಟ್ಯಾಂಡ್, ಟ್ಯೂನರ್, ಮೆಟ್ರೋನೋಮ್, ರೆಕಾರ್ಡ್ ಮಾಡೋಕೆ ಫೋನು, ಉಗುರಿಗೆ ಫೈಲ್ ಮತ್ತು ತುಂಬಾ ನೈಸ್ ಆಗಿರೋ ಸ್ಯಾಂಡ್‌ಪೇಪರ್. ಜೊತೆಗೆ ಪೆನ್ಸಿಲ್ ಮತ್ತು ರಬ್ಬರ್. ಪೆನ್ನಲ್ಲ, ಪೆನ್ಸಿಲ್, ಯಾಕಂದ್ರೆ ಬರೆದ ಫಿಂಗರಿಂಗ್ (ಯಾವ ಸ್ವರಕ್ಕೆ ಯಾವ ಬೆರಳು ಅನ್ನೋದು) ಬದಲಾಯಿಸೋ ಪ್ರಸಂಗ ಬಂದೇ ಬರುತ್ತೆ.

ಎರಡು ವಿಷಯ ಚೆಕ್ ಮಾಡ್ಕೊಳ್ಳಿ. ಒಂದು, 12ನೇ ಫ್ರೆಟ್ಟಲ್ಲಿ ಸ್ಟ್ರಿಂಗ್ ಎಷ್ಟು ಎತ್ತರ ಇದೆ ಅಂತ. ಆರನೇ ಸ್ಟ್ರಿಂಗಿಗೆ 4 ಮಿಲಿಮೀಟರ್, ಒಂದನೇದಕ್ಕೆ 3 ಮಿಲಿಮೀಟರ್ ಆಸುಪಾಸು ಇದ್ರೆ ಓಕೆ, ಅದಕ್ಕಿಂತ ತುಂಬಾ ಎತ್ತರ ಇದ್ರೆ ಬ್ಯಾರೇ ಬರ್ತಿಲ್ಲ ಅಂತ ನಿಮ್ಮ ಕೈಯನ್ನ ಬೈಕೋಬೇಡಿ, ಸೆಟಪ್ ಮಾಡಿಸಿ. ಇನ್ನೊಂದು, ಹಳೇ ಸ್ಟ್ರಿಂಗು. 12ನೇ ಫ್ರೆಟ್ಟಲ್ಲಿ ಒತ್ತಿ ನುಡಿಸಿದ ಸ್ವರ, ಅದೇ ಜಾಗದ ಹಾರ್ಮೋನಿಕ್ಸ್ (ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ), ಎರಡೂ ಒಂದೇ ಬರಬೇಕು. ಬರ್ತಿಲ್ಲ ಅಂದ್ರೆ ಮೊದಲು ಸ್ಟ್ರಿಂಗ್ ಬದಲಾಯಿಸಿ. ಶ್ರುತಿ ಸರಿ ಇಲ್ಲದ ಗಿಟಾರಲ್ಲಿ ಮೇಲಿನ ಪೊಸಿಷನ್ ಸ್ವರಗಳು ಎಷ್ಟು ಸರಿಯಾಗಿ ಒತ್ತಿದ್ರೂ ತಪ್ಪಾಗೇ ಕೇಳುತ್ತೆ, ನೀವು ಬೆರಳು ತಪ್ಪು ಅಂದ್ಕೊಂಡು ಸರಿ ಇದ್ದದ್ದನ್ನೇ ಕೆಡಿಸ್ತೀರ.

ಟ್ಯಾಬ್ (ಸ್ಟ್ರಿಂಗ್ ಗೆರೆಗಳ ಮೇಲೆ ಫ್ರೆಟ್ ನಂಬರ್ ಬರೆಯೋ ಪದ್ಧತಿ) ಮಾತ್ರ ಇರೋ ಕಾಪಿ ಸಾಲೋದಿಲ್ಲ. ಎಲ್ಲಿ ಒತ್ತಬೇಕು ಅಂತ ಟ್ಯಾಬ್ ಹೇಳುತ್ತೆ, ಎಷ್ಟು ಹೊತ್ತು ಹಿಡಿದಿರಬೇಕು ಅನ್ನೋದನ್ನ ಬಹಳಷ್ಟು ಟ್ಯಾಬ್ ಹೇಳೋದಿಲ್ಲ, ಮತ್ತೆ ಈ ಲೆವೆಲ್ಲಲ್ಲಿ ಪೀಸ್ ಹಾಳಾಗೋದೇ ಬೆರಳು ಬೇಗ ಎತ್ತಿಬಿಡೋದರಿಂದ. ಸ್ಟಾಫ್ ನೋಟೇಶನ್ (ಐದು ಗೆರೆ ಮೇಲೆ ನೋಟ್ ಬರೆಯೋ ಪದ್ಧತಿ) ಇರೋ ಕಾಪಿ ತಗೊಳ್ಳಿ, ಟ್ಯಾಬ್ ಕೆಳಗಡೆ ಇದ್ರೆ ಇರಲಿ.

ಹಂತ 3: ಗಿಟಾರ್ ಮುಟ್ಟದೆ ಓದೋದು

ಇದನ್ನ ಯಾರೂ ಮಾಡೋದಿಲ್ಲ. ಗಿಟಾರನ್ನ ಕೇಸಲ್ಲೇ ಬಿಟ್ಟು, ಪೆನ್ಸಿಲ್ ಹಿಡ್ಕೊಂಡು ಅರ್ಧ ಗಂಟೆ ಕೂತ್ಕೊಳ್ಳಿ.

ಮೊದಲು ಕೀ ಯಾವುದು, ತಾಳ ಎಷ್ಟು, ರಿಪೀಟ್ ಎಲ್ಲಿಂದ ಎಲ್ಲಿಗೆ, ಮಧ್ಯೆ ಕೀ ಬದಲಾಗುತ್ತಾ ನೋಡಿ. ಲಾಗ್ರಿಮಾ ಇ ಮೇಜರಲ್ಲಿ ಶುರುವಾಗಿ ಎರಡನೇ ಭಾಗ ಇ ಮೈನರಿಗೆ ಹೋಗುತ್ತೆ, ನಾಲ್ಕು ಶಾರ್ಪ್ (ಸ್ವರವನ್ನ ಒಂದು ಫ್ರೆಟ್ ಏರಿಸೋ ಗುರುತು) ಇದ್ದಿದ್ದು ಒಂದಕ್ಕೆ ಇಳಿಯುತ್ತೆ, ಇದನ್ನ ನೋಡದೆ ಶುರು ಮಾಡಿದೋರು ಮೈನರ್ ಭಾಗದಲ್ಲಿ ಹಳೇ ಶಾರ್ಪ್‌ಗಳನ್ನೇ ನುಡಿಸ್ಕೊಂಡು "ಏನೋ ಸರಿ ಇಲ್ಲ" ಅಂತ ಕೂತಿರ್ತಾರೆ.

ಆಮೇಲೆ ಧ್ವನಿಗಳನ್ನ ಬಿಡಿಸಿ. ಕಡ್ಡಿ ಮೇಲಕ್ಕಿರೋ ನೋಟುಗಳು ಸಾಮಾನ್ಯವಾಗಿ ಮೆಲೊಡಿ, ಕೆಳಕ್ಕಿರೋವು ಬೇಸ್. ಮೆಲೊಡಿ ಮೇಲೆ ಪೆನ್ಸಿಲಲ್ಲಿ ಒಂದು ಗೆರೆ ಎಳ್ಕೊಂಡು ಹೋಗಿ, ಬಾಯಲ್ಲಿ ಗುನುಗಿ. ಗುನುಗೋಕೆ ಆಗದೆ ಇರೋ ಮೆಲೊಡಿಯನ್ನ ಬೆರಳು ನುಡಿಸಿದ್ರೂ ಅದು ಬರೀ ಸ್ವರಗಳ ಗುಂಪು ಥರ ಕೇಳುತ್ತೆ.

ಮೂರನೇದು, ಒಂದೇ ಥರ ಇರೋ ಮೆಷರ್‌ಗಳನ್ನ ಹುಡುಕಿ ಒಂದೇ ಅಕ್ಷರ ಹಾಕಿ. 32 ಮೆಷರ್ ಪೀಸಲ್ಲಿ ನಿಜವಾಗ್ಲೂ ಹೊಸದು ಅನ್ನೋದು ಅದರಲ್ಲಿ ಅರ್ಧ ಇದ್ರೆ ಹೆಚ್ಚು. ಆದ್ರೆ ಹುಷಾರು, ಒಂದೇ ಥರ ಕಂಡು ಒಂದೇ ಒಂದು ನೋಟ್ ಬದಲಾಗಿರೋ ಮೆಷರ್ ಇರುತ್ತಲ್ಲ, ಅದಕ್ಕೆ ದಪ್ಪ ಗುರುತು ಹಾಕಿ. ಮುಂದೆ ಬಾಯಿಪಾಠ ಆದಾಗ ದಾರಿ ತಪ್ಪೋದು ಅಲ್ಲೇ, ಮೊದಲ ಸಲದ್ದು ಎರಡನೇ ಸಲ ನುಡಿಸಿಬಿಟ್ಟು ಸುತ್ತಿ ಸುತ್ತಿ ಅಲ್ಲಿಗೇ ಬರ್ತಿರ್ತೀರ.

ಹಂತ 4: ಫಿಂಗರಿಂಗ್ ಬರೆದು ಮುಗಿಸೋದು

ಈಗ ಗಿಟಾರ್ ತಗೊಳ್ಳಿ, ಆದ್ರೆ ನುಡಿಸೋಕಲ್ಲ, ತೀರ್ಮಾನ ಮಾಡೋಕೆ. ಎಡಗೈಗೆ ತೋರುಬೆರಳಿಂದ ಕಿರುಬೆರಳ ತನಕ 1, 2, 3, 4, ಬಲಗೈಗೆ ಪಿ, ಐ, ಎಂ, ಎ, ಅಂದ್ರೆ ಕ್ರಮವಾಗಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು. ಸುತ್ತು ಹಾಕಿರೋ ಅಂಕಿ ಅಂದ್ರೆ ಸ್ಟ್ರಿಂಗ್ ನಂಬರ್, ರೋಮನ್ ಅಂಕಿ ಅಂದ್ರೆ ಪೊಸಿಷನ್ ಅಥವಾ ಬ್ಯಾರೇ ಹಿಡಿಯೋ ಫ್ರೆಟ್.

ಪ್ರಿಂಟಲ್ಲಿ ಇರೋ ಫಿಂಗರಿಂಗ್ ದೇವರ ಮಾತಲ್ಲ, ಅದು ಎಡಿಟರ್ ಕೈಗೆ ಸರಿ ಹೋಗಿದ್ದು. ನಿಮ್ಮ ಬೆರಳು ಚಿಕ್ಕದಿದ್ರೆ ಬದಲಾಯಿಸಿ. ಬದಲಾಯಿಸುವಾಗ ನೋಡಬೇಕಾದ್ದು ಈ ಸ್ವರಕ್ಕೆ ಯಾವ ಬೆರಳು ಆರಾಮ ಅನ್ನೋದನ್ನಲ್ಲ, ಇದರ ಮುಂದಿನ ಸ್ವರಕ್ಕೆ ಹೋಗೋಕೆ ಯಾವ ಬೆರಳು ಫ್ರೀ ಇರಬೇಕು ಅನ್ನೋದನ್ನ. ಅದಕ್ಕೇ ಕಷ್ಟದ ಜಾಗದಲ್ಲಿ ಫಿಂಗರಿಂಗನ್ನ ಹಿಂದಿನಿಂದ ಬರ್ಕೊಂಡು ಬನ್ನಿ. ಯಾವ ಕಾರ್ಡಿಗೆ ತಲುಪಬೇಕೋ ಅದರ ಬೆರಳು ಮೊದಲು ಗಟ್ಟಿ ಮಾಡಿ, ಆಮೇಲೆ ಅದರ ಹಿಂದಿನದ್ದು.

ಗೈಡ್ ಫಿಂಗರ್ ಎಲ್ಲಿ ಸಿಗುತ್ತೋ ಅಲ್ಲಿ ಸಣ್ಣ ಗೆರೆ ಹಾಕಿ. ಗೈಡ್ ಫಿಂಗರ್ ಅಂದ್ರೆ ಒಂದೇ ಸ್ಟ್ರಿಂಗ್ ಮೇಲೆ ಒತ್ತಡ ಬಿಟ್ಟು, ಸ್ಪರ್ಶ ಬಿಡದೆ, ಮುಂದಿನ ಫ್ರೆಟ್ಟಿಗೆ ಜಾರೋ ಬೆರಳು. ಲಾಗ್ರಿಮಾದ ಮೊದಲ ಮೆಷರೇ ಇದಕ್ಕೆ ಉದಾಹರಣೆ. ನಾಲ್ಕನೇ ಸ್ಟ್ರಿಂಗಲ್ಲಿ 2, 4, 6ನೇ ಫ್ರೆಟ್, ಒಂದನೇ ಸ್ಟ್ರಿಂಗಲ್ಲಿ 4, 5, 7ನೇ ಫ್ರೆಟ್, ಜೋಡಿ ಜೋಡಿಯಾಗಿ ಮೇಲಕ್ಕೆ ಹೋಗ್ತವೆ, ಮಧ್ಯೆ ಬಿ ಸ್ಟ್ರಿಂಗ್ ಓಪನ್ ಆಗಿ ನುಡೀತಿರುತ್ತೆ. ನಾಲ್ಕನೇ ಸ್ಟ್ರಿಂಗಲ್ಲಿ ಮೂರಕ್ಕೂ ಒಂದೇ ಬೆರಳು ಜಾರಿಸ್ಕೊಂಡು ಹೋದ್ರೆ ಕೈಗೆ ಒಂದು ಹಳಿ ಸಿಕ್ಕ ಹಾಗೆ. ಪ್ರತಿ ಜೋಡಿಗೂ ಬೆರಳು ಎತ್ತಿ ಹೊಸದಾಗಿ ಇಟ್ರೆ ಮೂರು ಸಲ ಗುರಿ ಇಡಬೇಕು, ಮತ್ತೆ ಮೂರರಲ್ಲಿ ಒಂದು ತಪ್ಪೇ ತಪ್ಪುತ್ತೆ.

ಬಲಗೈದೂ ಬರೀರಿ. ಎಡಗೈ ಮಾತ್ರ ಬರ್ಕೊಂಡು ಬಲಗೈನ ಅದೃಷ್ಟಕ್ಕೆ ಬಿಡೋದು ಇನ್ನೊಂದು ಮಾಮೂಲಿ ತಪ್ಪು. ಇವತ್ತು ಐ ಎಂ, ನಾಳೆ ಎಂ ಐ, ನಾಡಿದ್ದು ಐ ಐ ಅಂತ ನುಡಿಸಿದ್ರೆ ಕೈಗೆ ಅದು ಮೂರು ಬೇರೆ ಬೇರೆ ಪೀಸು, ಸ್ಪೀಡ್ ಏರಿಸಿದಾಗ ಮೂರೂ ಜಗಳಕ್ಕೆ ಬೀಳ್ತವೆ.

ಹಂತ 5: ಕಷ್ಟದ ಜಾಗದಿಂದ ಶುರು

ಮೊದಲ ಮೆಷರ್ ಇವತ್ತು ಬೇಡ. ಹಂತ 1ರಲ್ಲಿ "ಹೇಗಪ್ಪಾ" ಅನ್ನಿಸಿದ್ವಲ್ಲ ನಾಲ್ಕೈದು ಜಾಗ, ಅವೇ ಮೊದಲು.

ಇಲ್ಲಿ ಒಂದು ವಿಷಯ ಸರಿಯಾಗಿ ನೋಡ್ಕೊಳ್ಳಿ. ನೀವು "ಒಂಬತ್ತನೇ ಮೆಷರ್ ಕಷ್ಟ" ಅಂತೀರ, ಆದ್ರೆ ಒಂಬತ್ತನೇ ಮೆಷರಿನ ಕಾರ್ಡ್ ಹಿಡಿದು ಸುಮ್ನೆ ಕೂತ್ಕೊಳ್ಳಿ ಅಂದ್ರೆ ಆರಾಮಾಗಿ ಕೂರ್ತೀರ. ಅಂದ್ರೆ ಕಷ್ಟ ಮೆಷರಲ್ಲಿಲ್ಲ, ಎಂಟರ ಕೊನೇ ಸ್ವರದಿಂದ ಒಂಬತ್ತರ ಮೊದಲ ಸ್ವರಕ್ಕೆ ಹೋಗೋ ಆ ಒಂದು ಜಿಗಿತದಲ್ಲಿದೆ. ಹಾಗಾಗಿ ಇಡೀ ಮೆಷರನ್ನ ಐವತ್ತು ಸಲ ತಿಕ್ಕಿದ್ರೆ ನಲವತ್ತು ನಿಮಿಷ ವೇಸ್ಟ್. ಆ ಎರಡು ಸ್ವರ ಮಾತ್ರ ತಗೊಳ್ಳಿ, ಅಷ್ಟೇ, ಎರಡೇ.

ಹೀಗೆ ಮಾಡಿ. ಮೊದಲ ಸ್ವರ ನುಡಿಸಿ, ನಿಲ್ಲಿ. ಕಣ್ಣು ಮೊದಲು ಹೋಗ್ಲಿ, ಎಲ್ಲಿಗೆ ಹೋಗಬೇಕೋ ಆ ಫ್ರೆಟ್ ನೋಡಿ. ಎಡಗೈ ಒತ್ತಡ ಬಿಡಿ, ಬೆರಳು ಸ್ಟ್ರಿಂಗ್ ಮುಟ್ಟಿಕೊಂಡಿರಲಿ ಸಾಕು. ಹೆಬ್ಬೆರಳು, ಮಣಿಕಟ್ಟು, ಮೊಣಕೈ ಒಟ್ಟಿಗೇ ಜರುಗಲಿ, ಹೆಬ್ಬೆರಳು ಹಳೇ ಜಾಗದಲ್ಲೇ ಅಂಟಿಕೊಂಡಿದ್ರೆ ಬೆರಳು ತಲುಪೋದಿಲ್ಲ, ಶಿಫ್ಟ್ ತಪ್ಪೋಕೆ ದೊಡ್ಡ ಕಾರಣ ಇದೇ. ಇಳೀರಿ, ಒತ್ತಿ, ಆಮೇಲೆ ನುಡಿಸಿ. ಮೊದಲು ಮಧ್ಯೆ ಎಷ್ಟು ಹೊತ್ತು ಬೇಕೋ ಅಷ್ಟು ನಿಲ್ಲಿ. ನಿಲ್ಲೋ ಹೊತ್ತು ತಾನೇ ಕಮ್ಮಿ ಆಗ್ತಾ ಬರುತ್ತೆ, ನೀವು ಅವಸರ ಮಾಡಬೇಡಿ.

ಸತತವಾಗಿ ಐದು ಸಲ ಸರಿ ಬಂತಾ? ಆಗ ಆ ಕಡೆ ಈ ಕಡೆ ಒಂದೊಂದು ಸ್ವರ ಸೇರಿಸಿ. ಮತ್ತೆ ಒಂದೊಂದು. ಹೀಗೆ ಮಧ್ಯದಿಂದ ಹೊರಕ್ಕೆ ಬೆಳೆಸಿ ಎರಡು ಮೆಷರ್ ಮಾಡ್ಕೊಳ್ಳಿ. ನಾಲ್ಕು ಸರಿ ಬಂದು ಐದನೇದು ತಪ್ಪಿದ್ರೆ ಲೆಕ್ಕ ಸೊನ್ನೆಯಿಂದ, ಬೇಜಾರಾದ್ರೂ ಹಾಗೇ ಮಾಡಿ.

ಬೇಸ್ ಸ್ಟ್ರಿಂಗ್ ಮೇಲೆ ಜಾರುವಾಗ ಕೀರಲು ಸದ್ದು ಬರ್ತಿದ್ರೆ ಅಲ್ಲಿ ಗೈಡ್ ಫಿಂಗರ್ ಬೇಡ. ಬೆರಳನ್ನ ನೇರ ಮೇಲಕ್ಕೆ ಎತ್ತಿ ಆಮೇಲೆ ಜರುಗಿಸಿ. ಟ್ರೆಬಲ್ ಸ್ಟ್ರಿಂಗ್ ನುಣ್ಣಗಿರುತ್ತೆ, ಅಲ್ಲಿ ಈ ತೊಂದರೆ ಇಲ್ಲ.

ಹಂತ 6: ಬಲಗೈ ಒಂಟಿಯಾಗಿ

ಎಡಗೈನ ತೊಡೆ ಮೇಲಿಟ್ಟು ಬಲಗೈ ಪ್ಯಾಟರ್ನ್ ಮಾತ್ರ ಓಪನ್ ಸ್ಟ್ರಿಂಗಲ್ಲಿ ನುಡಿಸಿ. ಕೇಳೋಕೆ ಚೆನ್ನಾಗಿರೋದಿಲ್ಲ, ಇರಲಿ. ಬಹಳಷ್ಟು ಸಲ ಎಡಗೈ ತಪ್ಪು ಅಂದ್ಕೊಂಡಿದ್ದು ಬಲಗೈ ತಪ್ಪಾಗಿರುತ್ತೆ, ಇಲ್ಲಿ ಅದು ಬಯಲಾಗುತ್ತೆ.

ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನ ಒಂದಾದ ಮೇಲೊಂದು ನುಡಿಸೋದು) ಇರೋ ಪೀಸಾದ್ರೆ, ಪಿ ಐ ಎಂ ಎ ಅಂತ ಮೇಲಕ್ಕೆ ಹೋಗುವಾಗ ಹೆಬ್ಬೆರಳು ನುಡಿಸೋ ಹೊತ್ತಿಗೆ ಉಳಿದ ಮೂರು ಬೆರಳೂ ತಮ್ಮ ಸ್ಟ್ರಿಂಗ್ ಮೇಲೆ ಕೂತಿರಲಿ. ಕೆಳಕ್ಕೆ ಬರುವಾಗ ಒಂದೊಂದಾಗಿ ಕೂರಿಸಿ, ಒಟ್ಟಿಗೆ ಕೂರಿಸಿದ್ರೆ ನುಡೀತಿರೋ ಸ್ವರಗಳು ಸತ್ತುಹೋಗ್ತವೆ.

ಹಂತ 7: ಬ್ಯಾರೇ ಇದ್ರೆ

ಬ್ಯಾರೇ ಅಂದ ತಕ್ಷಣ ಎಲ್ಲರೂ ಹೆಬ್ಬೆರಳಿಂದ ಹಿಂಡೋಕೆ ಶುರು ಮಾಡ್ತಾರೆ. ಬೇಡ. ತೋರುಬೆರಳನ್ನ ಫ್ರೆಟ್ಟಿಗೆ ಆದಷ್ಟೂ ಹತ್ತಿರ ಇಡಿ, ಹೆಬ್ಬೆರಳ ಕಡೆಗೆ ಸ್ವಲ್ಪ ಹೊರಳಿಸಿ, ಗಂಟಿನ ಸಂದು ಸ್ಟ್ರಿಂಗ್ ಮೇಲೆ ಬರ್ತಿದ್ರೆ ಬೆರಳನ್ನ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಸರಿಸಿ. ಒತ್ತಡ ಬರಬೇಕಾದ್ದು ತೋಳಿನ ಭಾರದಿಂದ, ತೋಳನ್ನ ಹಿಂದಕ್ಕೆ ಲೈಟಾಗಿ ಎಳೆದ ಹಾಗೆ. ಇದನ್ನ ಟೆಸ್ಟ್ ಮಾಡೋದು ಹೇಗೆ ಅಂದ್ರೆ, ಹೆಬ್ಬೆರಳನ್ನ ಪೂರ್ತಿ ತೆಗೆದು ಬ್ಯಾರೇ ಹಿಡಿದು ನೋಡಿ, ಅರ್ಧಂಬರ್ಧವಾದ್ರೂ ಸದ್ದು ಬರಬೇಕು.

ಆರೂ ಸ್ಟ್ರಿಂಗ್ ಸ್ವಚ್ಛವಾಗಿ ಬರ್ಬೇಕು ಅಂತೇನಿಲ್ಲ. ಆ ಕಾರ್ಡಲ್ಲಿ ತೋರುಬೆರಳಿಗೆ ನಿಜವಾಗ್ಲೂ ಯಾವ ಸ್ಟ್ರಿಂಗಿನ ಕೆಲಸ ಇದೆ ನೋಡಿ, ಎಷ್ಟೋ ಸಲ ಎರಡೇ ಇರುತ್ತೆ, ಮಿಕ್ಕಿದ್ದನ್ನ ಬೇರೆ ಬೆರಳು ಒತ್ತಿರುತ್ತೆ. ಸೋರ್‌ದು ಥರ ಬ್ಯಾರೇ ಜಾಸ್ತಿ ಇರೋ ಪೀಸಲ್ಲಿ, ಎಲ್ಲಿ ಬಿಡಬಹುದು ಅನ್ನೋ ಜಾಗಗಳಿಗೂ ಗುರುತು ಹಾಕ್ಕೊಳ್ಳಿ. ಓಪನ್ ಸ್ಟ್ರಿಂಗ್ ಬಂದ ಕಡೆ ಅರ್ಧ ಸೆಕೆಂಡ್ ಕೈ ಸಡಿಲ ಬಿಟ್ರೂ ಪೀಸ್ ಕೊನೇ ತನಕ ಬಲ ಉಳಿಯುತ್ತೆ. ಬ್ಯಾರೇ ಪ್ರಾಕ್ಟೀಸು ಒಂದು ಸಲಕ್ಕೆ ಐದು ನಿಮಿಷ ಮೀರೋದು ಬೇಡ.

ಹಂತ 8: ತುಂಡು ಜೋಡಿಸೋದು, ಕೊನೆಯಿಂದ

ಪೀಸನ್ನ ಎರಡರಿಂದ ನಾಲ್ಕು ಮೆಷರ್ ತುಂಡು ಮಾಡಿ. ಮೊದಲು ಕೊನೇ ತುಂಡು, ಆಮೇಲೆ ಅದರ ಹಿಂದಿನದ್ದು ಸೇರಿಸಿ ಕೊನೇ ತನಕ, ಹೀಗೆ ಹಿಂದಕ್ಕೆ ಬನ್ನಿ. ಲಾಭ ಏನಂದ್ರೆ, ನುಡಿಸ್ತಾ ನುಡಿಸ್ತಾ ಯಾವಾಗ್ಲೂ ಗೊತ್ತಿರೋ ಕಡೆಗೇ ಹೋಗ್ತಿರ್ತೀರ. ಮೊದಲಿಂದ ಕಲಿತೋರಿಗೆ ಇದರ ಉಲ್ಟಾ, ಪುಟ ಮುಂದೆ ಹೋದಷ್ಟೂ ಎದೆ ಡವಡವ ಅನ್ನುತ್ತೆ.

ತುಂಡುಗಳನ್ನ ಮುಂದಿನ ತುಂಡಿನ ಮೊದಲ ಸ್ವರದ ತನಕ ಕಲೀರಿ, ಗೆರೆಗೆ ನಿಲ್ಲಿಸಬೇಡಿ. ಗೆರೆಗೆ ನಿಲ್ಲಿಸಿದ್ರೆ ಅಲ್ಲಿ ನಿಲ್ಲೋದನ್ನೇ ಕೈ ಕಲಿತುಬಿಡುತ್ತೆ, ಆಮೇಲೆ ಪ್ರತಿ ನಾಲ್ಕು ಮೆಷರಿಗೂ ಒಂದು ಸಣ್ಣ ಬಿಕ್ಕಳಿಕೆ.

ಹಂತ 9: ಮೆಟ್ರೋನೋಮ್

ಈಗ, ಇದಕ್ಕೂ ಮುಂಚೆ ಅಲ್ಲ. ಸ್ವರ ಗೊತ್ತಿಲ್ಲದೆ ಮೆಟ್ರೋನೋಮ್ ಹಾಕಿದ್ರೆ ಅದು ತಪ್ಪನ್ನ ತಾಳಬದ್ಧವಾಗಿ ಕಲಿಸುತ್ತೆ.

ಗುರಿ ಕ್ವಾರ್ಟರ್ ನೋಟಿಗೆ 80 (ನಿಮಿಷಕ್ಕೆ 80 ಬಡಿತ) ಅಂತಿಟ್ಕೊಳ್ಳಿ. ಶುರು ಮಾಡೋದು ಏಯ್ತ್ ನೋಟಿಗೆ 80 ಇಟ್ಕೊಂಡು, ಅಂದ್ರೆ ಅರ್ಧ ಸ್ಪೀಡ್. ಒಂದು ತಪ್ಪೂ ಇಲ್ಲದೆ, ಮುಖ ಕಿವುಚದೆ, ಭುಜ ಎತ್ತದೆ ಬಂದ್ರೆ ನಾಲ್ಕು ಏರಿಸಿ. ಮುಖ ಕಿವುಚಿದ್ರೆ ಅದೂ ತಪ್ಪೇ. ಒಂದು ಕಡೆ ಸಿಕ್ಕಿಹಾಕ್ಕೊಂಡ್ರೆ ಇಡೀ ಪೀಸ್ ಸ್ಪೀಡ್ ಇಳಿಸೋ ಬದಲು ಆ ಎರಡು ಸ್ವರವನ್ನ ಹಂತ 5ಕ್ಕೆ ವಾಪಸ್ ಕಳಿಸಿ. ದಿನದ ಕೊನೇ ಸಲ ಮತ್ತೆ ನಿಧಾನದಲ್ಲೇ ನುಡಿಸಿ ಮುಚ್ಚಿಡಿ, ಫಾಸ್ಟ್ ಆಗಿ ಎಡವಿದ್ದೇ ಕೈಗೆ ಕೊನೇ ನೆನಪು ಆಗೋದು ಬೇಡ.

ಸುಲಭದ ಕಡೆ ಓಡಿ ಕಷ್ಟದ ಕಡೆ ಇಳಿಯೋ ಅಭ್ಯಾಸ ಎಲ್ಲರಿಗೂ ಇದೆ, ನಮಗೆ ಮಾತ್ರ ಕೇಳಿಸೋದಿಲ್ಲ. ಪೀಸಿನ ಸ್ಪೀಡ್ ಅಂದ್ರೆ ಅದರ ಅತೀ ಕಷ್ಟದ ಮೆಷರಿನ ಸ್ಪೀಡ್, ಮಿಕ್ಕಿದ್ದೆಲ್ಲ ಅದಕ್ಕೆ ಹೊಂದ್ಕೊಂಡು ಹೋಗಬೇಕು.

ಹಂತ 10: ಧ್ವನಿ ಬೇರೆ ಮಾಡೋದು, ಬೇಸ್ ನಿಲ್ಲಿಸೋದು

ಸ್ವರ ಎಲ್ಲ ಸರಿ ಇದ್ರೂ ಯಾಕೋ ಗಜಿಬಿಜಿ ಅನ್ನಿಸುತ್ತೆ ಅಂದ್ರೆ ಎರಡರಲ್ಲೊಂದು ಕಾರಣ.

ಒಂದು, ಎಲ್ಲ ಸ್ವರಕ್ಕೂ ಒಂದೇ ಬಲ ಹಾಕ್ತಿದ್ದೀರ. ಎಡಗೈ ಪೂರ್ತಿ ಹಿಡಿದುಕೊಂಡೇ ಬಲಗೈಯಲ್ಲಿ ಮೆಲೊಡಿ ಮಾತ್ರ ನುಡಿಸಿ ನೋಡಿ, ಆಮೇಲೆ ಬೇಸ್ ಮಾತ್ರ. ಆಮೇಲೆ ಮೆಲೊಡಿ ಜೋರಾಗಿ, ಮಿಕ್ಕಿದ್ದನ್ನ ಕೇಳಿಸೀತೋ ಇಲ್ಲವೋ ಅನ್ನೋ ಹಾಗೆ. ಉಂಗುರ ಬೆರಳು ಹುಟ್ಟಾ ಸೋಮಾರಿ, ಮೆಲೊಡಿ ಹೆಚ್ಚಾಗಿ ಬೀಳೋದೂ ಅದರ ಪಾಲಿಗೇ.

ಎರಡನೇದು, ಓಪನ್ ಬೇಸ್ ಸ್ಟ್ರಿಂಗ್ ನಿಲ್ಲದೆ ಮೊಳಗ್ತಾ ಇರುತ್ತೆ. ಆರನೇ ಸ್ಟ್ರಿಂಗಿನ ಇ ನುಡಿಸಿ ಮುಂದಿನ ಮೆಷರಲ್ಲಿ ಐದನೇದರ ಎ ನುಡಿಸ್ತೀರ, ಹಿಂದಿನ ಇ ಇನ್ನೂ ಗುಂಯ್ ಅಂತಿರುತ್ತೆ, ಕಾರ್ಡ್ ಕೆಸರಾಗುತ್ತೆ. ಎ ನುಡಿಸಿದ ತಕ್ಷಣ ಹೆಬ್ಬೆರಳನ್ನ ಹಿಂದಕ್ಕೆ ತಂದು ಆರನೇ ಸ್ಟ್ರಿಂಗ್ ಮುಟ್ಟಿ. ಶ್ರುತಿಯಲ್ಲಿ ಕೆಳಗಿನ ಸ್ಟ್ರಿಂಗಿಂದ ಮೇಲಿನದಕ್ಕೆ ಹೋಗುವಾಗ ಇದು ಬೇಕು, ಉಲ್ಟಾ ಬರುವಾಗ ಹೆಬ್ಬೆರಳು ರೆಸ್ಟ್ ಸ್ಟ್ರೋಕಲ್ಲಿ ಬಂದು ಪಕ್ಕದ ಸ್ಟ್ರಿಂಗ್ ಮೇಲೆ ಕೂತ್ರೆ ಅದೇ ನಿಲ್ಲಿಸುತ್ತೆ. ನಿಲ್ಲಿಸೋ ಜಾಗಕ್ಕೆ ಕಾಪಿಯಲ್ಲಿ ಸಣ್ಣ ಇಂಟು ಮಾರ್ಕ್ ಹಾಕ್ಕೊಳ್ಳಿ, ನೆನಪಿಟ್ಕೊಂಡು ಮಾಡ್ತೀನಿ ಅಂದ್ರೆ ಆಗೋದಿಲ್ಲ.

ಹಂತ 11: ಬಾಯಿಪಾಠ

ಬರೀ ಬೆರಳ ನೆನಪು ನಂಬಬೇಡಿ. ಮನೇಲಿ ಒಬ್ಬರೇ ಇದ್ದಾಗ ಬರುತ್ತೆ, ಎದುರಿಗೆ ಒಬ್ಬರು ಬಂದು ಕೂತ್ರೆ ಹಾರಿಹೋಗುತ್ತೆ. ಪೀಸಲ್ಲಿ ನಾಲ್ಕೈದು ಸ್ಟಾರ್ಟಿಂಗ್ ಪಾಯಿಂಟ್ ಮಾಡ್ಕೊಂಡು ಯಾವುದರಿಂದ ಬೇಕಾದ್ರೂ ಶುರು ಮಾಡೋ ಹಾಗಿರಬೇಕು. ಇನ್ನೊಂದು ಪರೀಕ್ಷೆ ಇದೆ, ಗಿಟಾರ್ ಇಲ್ಲದೆ ಕಣ್ಣು ಮುಚ್ಚಿ ಪೀಸನ್ನ ಮನಸ್ಸಲ್ಲೇ ನುಡಿಸಿ, ಯಾವ ಬೆರಳು ಯಾವ ಫ್ರೆಟ್ ಅಂತ ಕಾಣಬೇಕು. ಎಲ್ಲಿ ಮಂಜಾಗುತ್ತೋ ಅಲ್ಲೇ ಸ್ಟೇಜ್ ಮೇಲೂ ಕೈ ಕೊಡುತ್ತೆ.

ನಿಲ್ಲಿಸಲೇಬೇಕಾದ ಸೂಚನೆಗಳು

ಬೆರಳ ತುದಿ ಉರಿಯೋದು ಮಾಮೂಲಿ. ಎಡಗೈ ಹೆಬ್ಬೆರಳ ಬುಡದಲ್ಲಿ ನೋವು, ಮಣಿಕಟ್ಟಲ್ಲಿ ಚುಚ್ಚೋದು, ಬೆರಳು ಜೋಮು ಹಿಡಿಯೋದು, ಇವು ಮಾಮೂಲಿ ಅಲ್ಲ. ಆ ಕ್ಷಣಕ್ಕೆ ಗಿಟಾರ್ ಕೆಳಗಿಡಿ. ನೋವಲ್ಲೇ ನುಡಿಸಿದ್ರೆ ಕೈ ಗಟ್ಟಿ ಆಗುತ್ತೆ ಅನ್ನೋ ಮಾತು ಸುಳ್ಳು. ಎರಡು ದಿನ ರೆಸ್ಟ್ ಕೊಟ್ರೂ ಹೋಗದಿದ್ರೆ, ಅಥವಾ ಜೋಮು ಮತ್ತೆ ಮತ್ತೆ ಬರ್ತಿದ್ರೆ ಡಾಕ್ಟರ್ ಹತ್ರ ಹೋಗಿ. 25 ನಿಮಿಷಕ್ಕೊಮ್ಮೆ ಏಳೋ ಅಭ್ಯಾಸ ಇಟ್ಕೊಳ್ಳಿ, ದಿನಕ್ಕೆ ಅಂಥ ಎರಡು ಸುತ್ತು ಈ ಲೆವೆಲ್ಲಿಗೆ ಸಾಕು, ಭಾನುವಾರ ನಾಲ್ಕು ಗಂಟೆ ಒಟ್ಟಿಗೆ ಕೂರೋದಕ್ಕಿಂತ ಎಷ್ಟೋ ಮೇಲು.

ಕೈಗೆ ಸಂಬಂಧವಿಲ್ಲದ ಸೂಚನೆಗಳೂ ಇವೆ. ದಿನಾ ಒಂದೇ ಜಾಗದಲ್ಲಿ ಒಂದೇ ಥರ ತಪ್ತಿದ್ದೀರ ಅಂದ್ರೆ ತಪ್ಪನ್ನೇ ಕಲಿತಾಗಿದೆ, ಆ ಜಾಗಕ್ಕೆ ಬೇರೆ ಫಿಂಗರಿಂಗ್ ಹಾಕಿ ಹೊಸದಾಗಿ ಕಲಿಯೋದು ಹಳೇದನ್ನ ರಿಪೇರಿ ಮಾಡೋದಕ್ಕಿಂತ ಬೇಗ ಆಗುತ್ತೆ.

ಹಂತ 12: ಪೂರ್ತಿ ನುಡಿಸೋದು

ದಿನಕ್ಕೆ ಒಂದೇ ಸಲ, ಪ್ರಾಕ್ಟೀಸಿಂದ ಬೇರೆಯಾಗಿ. ಫೋನಲ್ಲಿ ರೆಕಾರ್ಡ್ ಆನ್ ಮಾಡಿ, ಏನೇ ತಪ್ಪಿದ್ರೂ ನಿಲ್ಲಿಸದೆ ಕೊನೇ ತನಕ ಹೋಗಿ. ತಪ್ಪಿದ ಸ್ವರ ಬಿಟ್ಟು ತಾಳ ಹಿಡಿದು ಮುಂದೆ ಹೋಗೋದೂ ಒಂದು ಕಲೆ, ಅದನ್ನೂ ಪ್ರಾಕ್ಟೀಸ್ ಮಾಡಬೇಕು. ರೆಕಾರ್ಡಿಂಗನ್ನ ತಕ್ಷಣ ಕೇಳಬೇಡಿ, ಮಾರನೇ ದಿನ ಕಾಪಿ ಮುಂದಿಟ್ಕೊಂಡು ಪೆನ್ಸಿಲ್ ಹಿಡಿದು ಕೇಳಿ. ಗುರುತು ಹಾಕಿದ ಜಾಗಗಳು ಆವತ್ತಿನ ಹಂತ 5ರ ಕೆಲಸ.

ಗುರಿ ಸ್ಪೀಡಿಗೆ ಇನ್ನೂ ಹತ್ತು ಹದಿನೈದು ಬಾಕಿ ಇದ್ದು ಎರಡು ವಾರ ಅಲ್ಲೇ ನಿಂತಿದ್ರೆ ಪೀಸನ್ನ ಒಂದು ತಿಂಗಳು ಮುಟ್ಟಬೇಡಿ, ಬೇರೇದು ಶುರು ಮಾಡಿ. ವಾಪಸ್ ಬಂದಾಗ ಮೊದಲ ದಿನ ನೆನಪಿಂದ ನುಡಿಸೋಕೆ ಹೋಗದೆ, ಕಾಪಿ ತೆರೆದು ಏಯ್ತ್ ನೋಟಿಗೆ 80ರಿಂದಲೇ ಶುರು ಮಾಡಿ.